ಸಹಾಯ ಬೇಕು: ಮಳೆಗಾಲದಲ್ಲಿ ಪೇಪರ್ ಜಾಗರ್ ಕೈಕೊಡುತ್ತಿದೆ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಯಕ್ಷಗಾನದ ನೋಟಿಸು, ಬ್ರಹ್ಮಕಲಶದ ಆಮಂತ್ರಣ, ಬಿಲ್ ಬುಕ್ಕು, ಇಷ್ಟೇ ಕೆಲಸ. ಕಟಿಂಗಿಗೆ ಮೊದಲು ಹಾಳೆಗಳ ಅಂಚು ಸಮ ಮಾಡಲು ಹಳೆಯ ಜಾಗರ್ ಒಂದನ್ನು ತಂದೆವು. ಓರೆಯಾದ ಟೇಬಲ್ ನಡುಗುತ್ತದೆ, ಹಾಳೆಗಳು ಜಾರಿ ಮೂಲೆಗೆ ಕೂರುತ್ತವೆ, ಅದೇ.

ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆ ಶುರುವಾದ ಮೇಲೆ 70 ಜಿಎಸ್‌ಎಂನ ತೆಳು ಹಾಳೆಗಳು ಥಂಡಿ ಹಿಡಿದು ಒಂದಕ್ಕೊಂದು ಅಂಟುತ್ತವೆ. ನಡುಕ ಜಾಸ್ತಿ ಮಾಡಿದರೆ ಮೇಲಿನವು ಕುಣಿಯುತ್ತವೆ, ಅಡಿಯವು ಅಲ್ಲೇ. ಕೈಯಲ್ಲಿ ಬಿಡಿಸಿ ನಡುವೆ ಗಾಳಿ ಹೋಗುವಂತೆ ಮಾಡಿ, 500ರ ಬದಲು 200 ಹಾಳೆ ಇಟ್ಟರೆ ಪರವಾಗಿಲ್ಲ. ಆದರೆ ಅಷ್ಟು ಹೊತ್ತಿಗೆ ನಮ್ಮ ಅಪ್ಪ ಮೇಜಿನ ಮೇಲೆ ತಟ್ಟಿ ತಟ್ಟಿಯೇ ಎರಡು ಕಟ್ಟು ಮುಗಿಸಿರುತ್ತಾರೆ! ಮೇಲಿಂದ ನಗು ಬೇರೆ.

ಬದಿಯಿಂದ ಗಾಳಿ ಊದುವ ಬ್ಲೋವರ್ ಇರುವ ಜಾಗರ್ ನೋಡಿದ್ದೇನೆ. ನಮ್ಮದಕ್ಕೆ ಹೊರಗಿನಿಂದ ಜೋಡಿಸಬಹುದೇ? ಟೇಬಲಿನ ಅಡಿಯ ರಬ್ಬರ್ ಬುಷ್ (ನಡುಕ ತಾಳುವ ರಬ್ಬರ್ ತುಂಡು) ಕಲ್ಲಿನ ಹಾಗೆ ಗಟ್ಟಿಯಾಗಿದೆ, ಅದೂ ಕಾರಣ ಇರಬಹುದಾ? ಮಾರಿದವರು ಫೋನೇ ಎತ್ತುತ್ತಿಲ್ಲ. ಕಾಸರಗೋಡು, ಪುತ್ತೂರು, ಮಂಗಳೂರು ಕಡೆ ರಿಪೇರಿ ಗೊತ್ತಿರುವವರಿದ್ದರೆ ದಯವಿಟ್ಟು ತಿಳಿಸಿ. ಚೌತಿಯ 3,000 ಆಮಂತ್ರಣ ಮುಂದಿನ ವಾರ ಕೊಡಲಿಕ್ಕುಂಟು.