ಮೈಲೋಮಾ ಮರುಕಳಿಸಿದೆ, ಕ್ಲಿನಿಕಲ್ ಟ್ರಯಲ್‌ಗೆ ಅರ್ಹತೆಯ ಲೆಕ್ಕ ಹಾಕುವುದು ಹೇಗೆ?

ಹೊಂಗೆನೆರಳು:

ಮಲ್ಟಿಪಲ್ ಮೈಲೋಮಾ (ಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ಇರುವ ಒಬ್ಬರಿಗೆ ಟ್ರಯಲ್ ಹುಡುಕಬೇಕಿದೆ. ಈವರೆಗಿನ ಚಿಕಿತ್ಸೆ ಹೀಗಿದೆ. ಮೊದಲು ಬೋರ್ಟೆಜೊಮಿಬ್, ಲೆನಲಿಡೊಮೈಡ್, ಡೆಕ್ಸಾಮೆಥಾಸೋನ್ ಮೂರೂ ಸೇರಿ 4 ಸೈಕಲ್. ಅದಾದ ಮೇಲೆ ಸ್ವಂತ ಸ್ಟೆಮ್ ಸೆಲ್ ಕಸಿ, ನಂತರ ಮೇಂಟೆನೆನ್ಸ್‌ಗೆ ಲೆನಲಿಡೊಮೈಡ್. ಆ ಮಾತ್ರೆ ನಡೆಯುತ್ತಿದ್ದಾಗಲೇ ಕಾಯಿಲೆ ಮರಳಿತು. ಆಗ ಡಾರಾಟುಮುಮ್ಯಾಬ್, ಪೊಮಾಲಿಡೊಮೈಡ್, ಡೆಕ್ಸಾ ಶುರುವಾಯಿತು. ಈಗ ಅದರ ಮೇಲೂ ಎಂ-ಪ್ರೋಟೀನ್ (ಕ್ಯಾನ್ಸರ್ ಕೋಶಗಳು ರಕ್ತಕ್ಕೆ ಬಿಡುವ ಪ್ರತಿಕಾಯ) ಏರುತ್ತಿದೆ. ಐಜಿಜಿ ಕಪ್ಪಾ ಬಗೆ, ಇತ್ತೀಚಿನ ರಿಪೋರ್ಟ್‌ನಲ್ಲಿ 0.7 ಗ್ರಾಂ/ಡೆಸಿಲೀಟರ್. ಕ್ರಿಯಾಟಿನಿನ್, ಕ್ಯಾಲ್ಸಿಯಂ ಸರಿಯಾಗಿವೆ.

"1ರಿಂದ 3 ಲೈನ್ ಚಿಕಿತ್ಸೆ ಆಗಿರಬೇಕು" ಎಂದು ಟ್ರಯಲ್‌ಗಳಲ್ಲಿ ಬರೆದಿರುತ್ತದೆ. ಇವರದು ಎರಡೋ ನಾಲ್ಕೋ? 0.7 ಸಾಕಾಗುತ್ತದೆಯೇ? "ಎಕ್ಸ್‌ಪೋಸ್ಡ್", "ರಿಫ್ರಾಕ್ಟರಿ" ಎಂದು ಬೇರೆ ಬೇರೆಯಾಗಿ ಬರೆಯುವುದೇಕೆ? ಪ್ಲಸೀಬೊ (ಔಷಧವಿಲ್ಲದ ತೋರಿಕೆಯ ಮದ್ದು) ಗುಂಪಿಗೆ ಬಿದ್ದರೆ ಮದ್ದೇ ಇಲ್ಲದಂತಾಗುತ್ತದೆಯೇ? ಕಾರ್-ಟಿ (ಸ್ವಂತ ಟಿ-ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವುದು), ಬೈಸ್ಪೆಸಿಫಿಕ್ (ಟಿ-ಕೋಶವನ್ನು ಕ್ಯಾನ್ಸರ್ ಕೋಶಕ್ಕೆ ಜೋಡಿಸುವ ಪ್ರತಿಕಾಯ) ಎರಡರ ಟ್ರಯಲ್‌ಗಳೂ ಕಾಣುತ್ತಿವೆ, ಯಾವುದನ್ನು ಮೊದಲು ನೋಡಬೇಕು?

ಮಜ್ಜೆಮಾತು:

ಎರಡು ಲೈನ್. ತುಂಬ ಜನ ಎಡವುವುದು ಇಲ್ಲೇ. ಮೊದಲೇ ಯೋಜಿಸಿದ ಇಂಡಕ್ಷನ್ (ಕಸಿಗೆ ಮುಂಚಿನ ಔಷಧದ ಸೈಕಲ್‌ಗಳು), ಕಸಿ, ಮೇಂಟೆನೆನ್ಸ್ ಮೂರೂ ಸೇರಿ ಒಂದೇ ಲೈನ್. ಕಾಯಿಲೆ ಏರಿತೆಂದು ಔಷಧ ಬದಲಿಸಿದಾಗ ಎರಡನೆಯದು ಶುರು. ಇದನ್ನು ಮೂರು, ನಾಲ್ಕು ಎಂದು ಅರ್ಜಿಯಲ್ಲಿ ಬರೆದರೆ ಸೇರಬಹುದಾಗಿದ್ದ ಟ್ರಯಲ್ ಫೋನಿನಲ್ಲೇ ಕೈತಪ್ಪುತ್ತದೆ.

ಎಕ್ಸ್‌ಪೋಸ್ಡ್ ಅಂದರೆ ಆ ಔಷಧ ತೆಗೆದುಕೊಂಡಿದ್ದಾರೆ, ಅಷ್ಟೇ. ರಿಫ್ರಾಕ್ಟರಿ ಅಂದರೆ ಔಷಧ ನಡೆಯುತ್ತಿದ್ದಾಗ, ಇಲ್ಲವೇ ಕೊನೆಯ ಡೋಸ್ ಆದ 60 ದಿನದೊಳಗೆ ಕಾಯಿಲೆ ಮುಂದುವರಿದಿದೆ ಅಥವಾ ಔಷಧಕ್ಕೆ ಕಾಯಿಲೆ ಬಗ್ಗಲೇ ಇಲ್ಲ. ನೀವು ಹೇಳಿದ ಪ್ರಕಾರ ಇವರು ಲೆನಲಿಡೊಮೈಡ್, ಪೊಮಾಲಿಡೊಮೈಡ್, ಡಾರಾಟುಮುಮ್ಯಾಬ್‌ಗೆ ರಿಫ್ರಾಕ್ಟರಿ. ಬೋರ್ಟೆಜೊಮಿಬ್ ಮಾತ್ರ ಲೆಕ್ಕದಂತೆ ಮುಗಿಸಿ ನಿಲ್ಲಿಸಿದ್ದು, ಅದರ ಮೇಲೆ ಕಾಯಿಲೆ ಏರಿಲ್ಲ. ಬೋರ್ಟೆಜೊಮಿಬ್ ಒಂದು ಬಗೆ (ಕ್ಲಾಸ್), ಲೆನಲಿಡೊಮೈಡ್-ಪೊಮಾಲಿಡೊಮೈಡ್ ಇನ್ನೊಂದು, ಡಾರಾಟುಮುಮ್ಯಾಬ್ ಮೂರನೆಯದು. ಹಾಗಾಗಿ "ಟ್ರಿಪಲ್ ಕ್ಲಾಸ್ ಎಕ್ಸ್‌ಪೋಸ್ಡ್" ಹೌದು, "ಟ್ರಿಪಲ್ ಕ್ಲಾಸ್ ರಿಫ್ರಾಕ್ಟರಿ" ಅಲ್ಲ. ಈ ಒಂದು ಪದದ ಮೇಲೆ ಎಷ್ಟೋ ಟ್ರಯಲ್‌ಗಳು ಬೇಕು, ಬೇಡ ಎಂದು ಬೇರ್ಪಡುತ್ತವೆ. ಇನ್ನೊಂದು: ಹೋಲಿಕೆಯ ಗುಂಪಿಗೆ ಡಾರಾಟುಮುಮ್ಯಾಬ್ ಕೊಡುವ ಟ್ರಯಲ್‌ಗಳನ್ನು ಪಟ್ಟಿಯಿಂದ ಈಗಲೇ ತೆಗೆಯಿರಿ. ಸೋತಿರುವ ಔಷಧವನ್ನೇ ಮತ್ತೆ ಕೊಡುವಂತಾಗುತ್ತದೆಂದು ಇಂಥವರನ್ನು ಅವು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ.

ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿ ಔಷಧ ಶುರುವಾದ ದಿನ, ಕೊನೆಯ ಡೋಸ್‌ನ ದಿನ, ಆಗ ಸಿಕ್ಕ ಅತಿ ಕಡಿಮೆ ಎಂ-ಪ್ರೋಟೀನ್, ನಿಲ್ಲಿಸಿದ ಕಾರಣ. ಕಾರಣದ ಕಾಲಂ ಖಾಲಿ ಬಿಡಬೇಡಿ. ನರದ ಉರಿ, ಜೋಮು ಎಂದು ನಿಲ್ಲಿಸಿದ್ದಕ್ಕೂ ಕಾಯಿಲೆ ಏರಿತೆಂದು ನಿಲ್ಲಿಸಿದ್ದಕ್ಕೂ ಅರ್ಹತೆಯಲ್ಲಿ ಅಜಗಜಾಂತರ. ಜೊತೆಗೆ ಕ್ಯಾನ್ಸರ್ ಕೋಶದ ಕ್ರೋಮೋಸೋಮ್ ಬದಲಾವಣೆ ಹುಡುಕುವ ಫಿಶ್ ಪರೀಕ್ಷೆಯ ಪೂರ್ತಿ ರಿಪೋರ್ಟ್ ಇರಲಿ. ಟಿ(11;14), ಟಿ(4;14), ಡೆಲ್(17ಪಿ) ಎಂಬ ಬದಲಾವಣೆಗಳು ಇವೆಯೇ ಇಲ್ಲವೇ ಎಂಬುದನ್ನು ಟ್ರಯಲ್ ಕೋಆರ್ಡಿನೇಟರ್ ಕೇಳಿಯೇ ಕೇಳುತ್ತಾರೆ.

ಅಂಕಿಗಣ್ಣು:

0.7ರ ಬಗ್ಗೆ. ಅಂತರರಾಷ್ಟ್ರೀಯ ಮೈಲೋಮಾ ಕಾರ್ಯತಂಡದ ಮೂಲ ಅಳತೆಯಲ್ಲಿ "ಅಳೆಯಬಹುದಾದ ಕಾಯಿಲೆ" ಅಂದರೆ ರಕ್ತದಲ್ಲಿ ಎಂ-ಪ್ರೋಟೀನ್ 1 ಗ್ರಾಂ/ಡೆಸಿಲೀಟರ್ ಅಥವಾ ಹೆಚ್ಚು, ಇಲ್ಲವೇ 24 ಗಂಟೆಯ ಮೂತ್ರದಲ್ಲಿ 200 ಮಿ.ಗ್ರಾಂ, ಇಲ್ಲವೇ ರಕ್ತದಲ್ಲಿ ಕಾಯಿಲೆಯ ಲೈಟ್ ಚೈನ್ (ಪ್ರತಿಕಾಯದ ಚಿಕ್ಕ ಭಾಗ, ಕಪ್ಪಾ ಅಥವಾ ಲ್ಯಾಂಬ್ಡಾ) 100 ಮಿ.ಗ್ರಾಂ/ಲೀಟರ್ ಇದ್ದು ಕಪ್ಪಾ-ಲ್ಯಾಂಬ್ಡಾ ಅನುಪಾತವೂ ಕೆಟ್ಟಿರಬೇಕು. ಮರುಕಳಿಸಿದವರ ಟ್ರಯಲ್‌ಗಳಲ್ಲಿ ಹಲವು ರಕ್ತದ ಮಿತಿಯನ್ನು 0.5ಕ್ಕೆ ಇಳಿಸಿವೆ. ಅಂಥದ್ದರಲ್ಲಿ 0.7 ಸಾಕು, 1 ಕೇಳುವ ಕಡೆ ಸಾಲದು. ಮೂರರಲ್ಲಿ ಒಂದು ದಾಟಿದರೂ ಆಯಿತು, ಆದ್ದರಿಂದ ಲೈಟ್ ಚೈನ್ ಮತ್ತು ಮೂತ್ರದ ಪರೀಕ್ಷೆ ಈಗಲೇ ಮಾಡಿಸಿ. ಯೂನಿಟ್ ನೋಡಿ ಓದಿ. ಕೆಲವು ಲ್ಯಾಬ್ ಲೈಟ್ ಚೈನನ್ನು ಡೆಸಿಲೀಟರ್‌ಗೆ ಬರೆಯುತ್ತವೆ. ಅಲ್ಲಿಯ 10 ಅಂದರೆ ಇಲ್ಲಿಯ 100.

"ಏರುತ್ತಿದೆ" ಅನ್ನುವುದಕ್ಕೂ ಲೆಕ್ಕವಿದೆ. ಹಿಂದಿನ ಅತಿ ಕಡಿಮೆ ಅಂಕಿಗಿಂತ 25% ಹೆಚ್ಚಬೇಕು, ಅದರ ಜೊತೆಗೆ ಏರಿಕೆ ಕನಿಷ್ಠ 0.5 ಇರಬೇಕು, ಸತತ ಎರಡು ಪರೀಕ್ಷೆಗಳಲ್ಲಿ ಕಾಣಬೇಕು. ಡಾರಾಟುಮುಮ್ಯಾಬ್ ಮೇಲೆ ಇವರದು 0.1ರವರೆಗೆ ಇಳಿದಿದ್ದರೆ 0.7 ಎಂಬುದು ಕಾಯಿಲೆ ಮುಂದುವರಿದದ್ದೇ. 0.4ರಲ್ಲೇ ನಿಂತಿದ್ದರೆ ಏರಿಕೆ ಬರೀ 0.3. ಎಂ-ಪ್ರೋಟೀನ್ ಲೆಕ್ಕದಲ್ಲಿ ಇನ್ನೂ ಪ್ರೊಗ್ರೆಷನ್ ಅಲ್ಲ, ರಿಫ್ರಾಕ್ಟರಿ ಎಂದೂ ಬರೆಯುವಂತಿಲ್ಲ. ಮೇಲೆ ಮಜ್ಜೆಮಾತು ಅವರು ಡಾರಾಟುಮುಮ್ಯಾಬ್ ಬಗ್ಗೆ ಹೇಳಿದ್ದು ಈ ಅಂಕಿ ನೋಡಿದ ಮೇಲಷ್ಟೇ ಖಚಿತ. ಎಲ್ಲ ರಿಪೋರ್ಟ್‌ಗಳೂ ಒಂದೇ ಲ್ಯಾಬಿನವಾಗಿರಲಿ, ಎರಡು ಲ್ಯಾಬ್‌ಗಳ ನಡುವೆ 0.2ರ ಅಂತರ ಸಲೀಸಾಗಿ ಬರುತ್ತದೆ.

ಡಾರಾಟುಮುಮ್ಯಾಬ್ ಕೂಡ ಐಜಿಜಿ ಕಪ್ಪಾ ಪ್ರತಿಕಾಯವೇ. ಎಂ-ಪ್ರೋಟೀನ್ ಅಳೆಯುವ ಎಲೆಕ್ಟ್ರೊಫೊರೆಸಿಸ್ ಪರೀಕ್ಷೆಯಲ್ಲಿ ಅದೂ ಒಂದು ಸಣ್ಣ ಪಟ್ಟೆಯಾಗಿ ಕಾಣಬಹುದು. ಆದರೆ ಅದರಿಂದ 0.7 ಬರುವುದಿಲ್ಲ. ಅದು ತೊಡಕಾಗುವುದು ಕಾಯಿಲೆ ಪೂರ್ತಿ ಇಳಿದಿದೆಯೇ ಎಂದು ನೋಡುವಾಗ. ರಕ್ತದ ಗುಂಪು ಹೊಂದಿಸುವ ಕೂಂಬ್ಸ್ ಪರೀಕ್ಷೆಯನ್ನೂ ಈ ಔಷಧ ಕೊನೆಯ ಡೋಸ್ ಆಗಿ 6 ತಿಂಗಳವರೆಗೆ ಗೊಂದಲಗೊಳಿಸಬಲ್ಲದು. ಹೊಸ ಆಸ್ಪತ್ರೆಗೆ ಹೋದ ಮೊದಲ ದಿನವೇ ಅಲ್ಲಿಯ ಬ್ಲಡ್ ಬ್ಯಾಂಕ್‌ಗೆ ತಿಳಿಸಿ.

ಮೂತ್ರ ಹಿಡಿಯುವ ಕ್ರಮ: ಬೆಳಿಗ್ಗೆ ಎದ್ದು ಮೊದಲ ಮೂತ್ರ ಚೆಲ್ಲಿ, ಆ ಸಮಯ ಬರೆದುಕೊಳ್ಳಿ. ಅಲ್ಲಿಂದ ಪ್ರತಿ ಹನಿಯೂ ಡಬ್ಬಿಗೆ, ಮರುದಿನ ಅದೇ ಹೊತ್ತಿನ ಮೂತ್ರವೂ ಸೇರಬೇಕು. ಡಬ್ಬಿ ತಣ್ಣಗಿರಲಿ. ಒಂದು ಸಲ ಮರೆತು ಹೊರಗೆ ಹೋಯಿತು ಅಂದರೆ ಮತ್ತೆ ಮೊದಲಿಂದ ಹಿಡಿಯಿರಿ. 230 ಇರಬೇಕಾದದ್ದು 180 ಎಂದು ಬಂದು ಅರ್ಹತೆ ತಪ್ಪುವುದು ಹೀಗೆಯೇ.

ತಿಳಿನೀರು:

ಪ್ಲಸೀಬೊ ಪ್ರಶ್ನೆಗೆ. ಸಕ್ರಿಯ ಮೈಲೋಮಾದಲ್ಲಿ ಬರೀ ಪ್ಲಸೀಬೊ ಕೊಟ್ಟು ಕೂರಿಸುವುದಿಲ್ಲ. ಮೂರನೇ ಹಂತದ ಟ್ರಯಲ್‌ನಲ್ಲಿ ಒಂದು ಗುಂಪಿಗೆ ಬಳಕೆಯಲ್ಲಿರುವ ಚಿಕಿತ್ಸೆ, ಇನ್ನೊಂದಕ್ಕೆ ಹೊಸದು. ಪ್ಲಸೀಬೊ ಇದ್ದರೂ ಅದು ಬಳಕೆಯ ಚಿಕಿತ್ಸೆಯ ಮೇಲೆ ಸೇರಿಸಿದ್ದಾಗಿರುತ್ತದೆ. ಬೆಲ್ಲಿನಿ ಟ್ರಯಲ್‌ನಲ್ಲಿ ಎಲ್ಲರಿಗೂ ಬೋರ್ಟೆಜೊಮಿಬ್, ಡೆಕ್ಸಾ ಇತ್ತು. ಅದರ ಮೇಲೆ ಒಂದು ಗುಂಪಿಗೆ ವೆನೆಟೊಕ್ಲಾಕ್ಸ್, ಇನ್ನೊಂದಕ್ಕೆ ಪ್ಲಸೀಬೊ. ಅದರ ಫಲಿತಾಂಶ ತಿಳಿದಿರುವುದು ಒಳ್ಳೆಯದು: ಕಾಯಿಲೆ ತಡೆಯುವುದರಲ್ಲಿ ವೆನೆಟೊಕ್ಲಾಕ್ಸ್ ಮುಂದಿತ್ತು, ಸಾವುಗಳೂ ಆ ಗುಂಪಿನಲ್ಲೇ ಹೆಚ್ಚಾದವು. 2019ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಲಾಭ ಎದ್ದು ಕಂಡದ್ದು ಟಿ(11;14) ಇದ್ದವರಲ್ಲಿ. ಫಿಶ್ ರಿಪೋರ್ಟ್ ಕೈಯಲ್ಲಿರಲಿ ಎಂದು ಮೇಲೆ ಹೇಳಿದ್ದರ ತೂಕ ಇದರಿಂದ ಗೊತ್ತಾಗುತ್ತದೆ. ಹೊಸದು ಸಿಕ್ಕ ಗುಂಪೇ ಅದೃಷ್ಟದ ಗುಂಪು ಎಂದುಕೊಳ್ಳಬೇಡಿ.

ಕಾರ್-ಟಿ, ಬೈಸ್ಪೆಸಿಫಿಕ್ ಆಯ್ಕೆಯಲ್ಲಿ ಯಾವ ಗುರಿ ಎಂದು ಮೊದಲು ನೋಡಿ. ಟೆಕ್ಲಿಸ್ಟಮ್ಯಾಬ್, ಎಲ್ರಾನಟಮ್ಯಾಬ್ ಎಂಬ ಬೈಸ್ಪೆಸಿಫಿಕ್‌ಗಳು ಹಿಡಿಯುವುದು ಮೈಲೋಮಾ ಕೋಶದ ಮೇಲಿನ ಬಿಸಿಎಂಎ ಎಂಬ ಪ್ರೋಟೀನನ್ನು. ಐಡಿ-ಸೆಲ್, ಸಿಲ್ಟಾ-ಸೆಲ್ ಎಂಬ ಕಾರ್-ಟಿಗಳ ಗುರಿಯೂ ಅದೇ. ಟಾಲ್ಕ್ವೆಟಮ್ಯಾಬ್‌ನದು ಬೇರೆ, ಜಿಪಿಆರ್‌ಸಿ5ಡಿ. ಬಿಸಿಎಂಎ ಔಷಧ ಒಮ್ಮೆ ತೆಗೆದುಕೊಂಡವರನ್ನು ಮುಂದಿನ ಎಷ್ಟೋ ಬಿಸಿಎಂಎ ಟ್ರಯಲ್‌ಗಳು ಸೇರಿಸುವುದಿಲ್ಲ. ಬಿಸಿಎಂಎ ಬೈಸ್ಪೆಸಿಫಿಕ್ ಆದ ಮೇಲೆ ಅದೇ ಗುರಿಯ ಕಾರ್-ಟಿ ಕೊಟ್ಟರೆ ಫಲವೂ ಕಡಿಮೆ. ದೇಹ ತಡೆಯುವಂತಿದ್ದು ಕಾಯಿಲೆ ನಿಧಾನವಾಗಿದ್ದರೆ ಕಾರ್-ಟಿ ಮೊದಲು, ಬೈಸ್ಪೆಸಿಫಿಕ್ ಆಮೇಲೆ ಎಂಬುದು ನನ್ನ ಅಭಿಪ್ರಾಯ. 0.7, ಒಳ್ಳೆಯ ಕಿಡ್ನಿ ಅಂದರೆ ಇವರಿಗೆ ಕಾಯಲು ಸಮಯವಿದೆ ಅನ್ನಿಸುತ್ತದೆ. ಕಾಯಿಲೆ ಓಡುತ್ತಿದ್ದರೆ ತಕ್ಷಣ ಕೊಡಬಹುದಾದ ಬೈಸ್ಪೆಸಿಫಿಕ್ಕೇ ಸರಿ.

ಏಕೆಂದರೆ ಕಾರ್-ಟಿಯಲ್ಲಿ ಅಪಾಯ ಕೋಶ ಒಳಗೆ ಹೋದ ಮೇಲೆ ಮಾತ್ರವಲ್ಲ, ಹೋಗುವುದಕ್ಕೆ ಮುಂಚೆಯೂ ಇದೆ. ಟಿ-ಕೋಶ ತೆಗೆದು, ಸಿದ್ಧಪಡಿಸಿ ಮರಳಿ ಕೊಡಲು ಸಾಮಾನ್ಯವಾಗಿ 4ರಿಂದ 6 ವಾರ. ಆ ನಡುವೆ ಕಾಯಿಲೆ ಹಿಡಿತದಲ್ಲಿಡಲು ಬ್ರಿಡ್ಜಿಂಗ್ ಚಿಕಿತ್ಸೆ. ಕಾರ್ಮಾ-3 ಟ್ರಯಲ್‌ನಲ್ಲಿ ಕಾಯಿಲೆ ಮುಂದುವರಿಯದೆ ಇದ್ದ ಅವಧಿಯ ಮಧ್ಯಾಂಕ ಐಡಿ-ಸೆಲ್‌ಗೆ 13.3 ತಿಂಗಳು, ಹೋಲಿಕೆಯ ಗುಂಪಿಗೆ 4.4. ಆದರೂ ಮೊದಲ ತಿಂಗಳುಗಳ ಸಾವು ಐಡಿ-ಸೆಲ್ ಗುಂಪಿನಲ್ಲೇ ಹೆಚ್ಚು, ಅವರಲ್ಲಿ ಹಲವರಿಗೆ ಕೋಶ ಇನ್ನೂ ಸಿಕ್ಕಿರಲೇ ಇಲ್ಲ. ಹಾಗಾಗಿ ಕೇಳಲೇಬೇಕಾದ ಪ್ರಶ್ನೆ: ಬ್ರಿಡ್ಜಿಂಗ್‌ಗೆ ಯಾವ ಔಷಧ, ಎಷ್ಟು ಸೈಕಲ್, ತಯಾರಿಕೆ ವಿಫಲವಾದರೆ ಮುಂದೇನು? ಇವರ ಮಟ್ಟಿಗೆ ಬ್ರಿಡ್ಜಿಂಗ್ ಬರೀ ಡಾರಾಟುಮುಮ್ಯಾಬ್-ಪೊಮಾಲಿಡೊಮೈಡ್ ಎಂದಿದ್ದರೆ ಪ್ರಯೋಜನವಿಲ್ಲ.

ಹೊಂಗೆನೆರಳು:

ಡಾರಾಟುಮುಮ್ಯಾಬ್ ಮೇಲಿನ ಅತಿ ಕಡಿಮೆ ಅಂಕಿ 0.1, ಎರಡು ರಿಪೋರ್ಟ್‌ಗಳಲ್ಲೂ ಏರಿಕೆ ಇದೆ. ಇನ್ನೊಂದು ಸಂದೇಹ. ಪಕ್ಕೆಲುಬಿನ ನೋವಿಗೆ ಸ್ಕ್ರೀನಿಂಗ್‌ವರೆಗೆ ಡೆಕ್ಸಾ ಕೊಡಬಹುದೇ? ರೇಡಿಯೇಷನ್?

ಮಜ್ಜೆಮಾತು:

ಹಾಗಿದ್ದರೆ ಡಾರಾಟುಮುಮ್ಯಾಬ್‌ಗೆ ರಿಫ್ರಾಕ್ಟರಿ ಎಂದೇ ಬರೆಯಿರಿ.

ಡೆಕ್ಸಾ ಕೊಡುವ ಮೊದಲು ಕೋಆರ್ಡಿನೇಟರ್‌ಗೆ ಒಂದು ಫೋನ್ ಮಾಡಿ. ಮೊದಲ ಡೋಸ್‌ಗೆ ಮುಂಚಿನ 14 ದಿನದಲ್ಲಿ ಒಟ್ಟು 140 ಮಿ.ಗ್ರಾಂ ಪ್ರೆಡ್ನಿಸೋನ್‌ನಷ್ಟು ಸ್ಟೆರಾಯ್ಡ್ ಆಗಿದ್ದರೆ ಸೇರಿಸುವುದಿಲ್ಲ ಎಂಬ ನಿಯಮ ಕೆಲವು ಪ್ರೋಟೋಕಾಲ್‌ಗಳಲ್ಲಿದೆ. ಒಂದೇ ದಿನದ 40 ಮಿ.ಗ್ರಾಂ ಡೆಕ್ಸಾ ಸುಮಾರು 265 ಮಿ.ಗ್ರಾಂ ಪ್ರೆಡ್ನಿಸೋನ್‌ಗೆ ಸಮ. ಒಂದೇ ಡೋಸ್ ಟ್ರಯಲ್ ಶುರುವಾಗುವುದನ್ನು ಎರಡು ವಾರ ಮುಂದೂಡಬಹುದು. ಜೊತೆಗೆ ಎಂ-ಪ್ರೋಟೀನ್ 0.5ಕ್ಕಿಂತ ಕೆಳಗಿಳಿದರೆ ಅಳತೆಯೂ ಕೈತಪ್ಪುತ್ತದೆ. ಒಂದು ಜಾಗಕ್ಕೆ ಮಾತ್ರ ನೋವಿಗಾಗಿ ಕೊಡುವ ರೇಡಿಯೇಷನ್‌ಗೆ ಬಹುತೇಕ ಅವಕಾಶವಿರುತ್ತದೆ. ಆದರೆ ಅಳೆಯಲು ಇರುವುದು ಆ ಒಂದೇ ಗಡ್ಡೆ ಆಗಿರಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ. ಕಿಡ್ನಿ ಕೆಟ್ಟು ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 30 ಮಿ.ಲೀ.ಗಿಂತ ಕೆಳಗೆ ಹೋದರೆ ಬಹಳಷ್ಟು ಟ್ರಯಲ್‌ಗಳ ಬಾಗಿಲು ಮುಚ್ಚುತ್ತದೆ.

ಇದಕ್ಕೆಲ್ಲ ಒಂದು ಅಪವಾದ. ಕಾಲಿನ ಬಲ ಕುಗ್ಗುವುದು, ಮಲಮೂತ್ರದ ಹಿಡಿತ ತಪ್ಪುವುದು, ಕ್ಯಾಲ್ಸಿಯಂ ಏರಿ ಮಂಕಾಗುವುದು, ಮೂತ್ರದ ಪ್ರಮಾಣ ತಗ್ಗುವುದು ಕಂಡರೆ ಟ್ರಯಲ್ ಮರೆತು ಆ ದಿನವೇ ಆಸ್ಪತ್ರೆಗೆ. ಬೆನ್ನುಹುರಿ ಒತ್ತಿಕೊಂಡಾಗ ಗಂಟೆಗಳ ಲೆಕ್ಕ.

ತಿಳಿನೀರು:

ಸ್ಕ್ರೀನಿಂಗ್ ಕಾಲ ಸಾಮಾನ್ಯವಾಗಿ 28 ದಿನ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೆಯೇ ಟ್ರಯಲ್‌ಗೆಂದು ಮಾಡುವ ಪರೀಕ್ಷೆಗಳು. ಪ್ಲೇಟ್‌ಲೆಟ್‌ಗೆ 75,000ದ ಮಿತಿ ಹೆಚ್ಚಾಗಿ ಕಾಣುತ್ತದೆ. ಮಜ್ಜೆಯಲ್ಲಿ ಅರ್ಧಕ್ಕೂ ಹೆಚ್ಚು ಪ್ಲಾಸ್ಮಾ ಕೋಶ ತುಂಬಿದ್ದರೆ 50,000. ಪರೀಕ್ಷೆಗೆ ಕೆಲವು ದಿನ ಮುಂಚೆ ಹೊರಗಿನಿಂದ ಪ್ಲೇಟ್‌ಲೆಟ್ ಏರಿಸಿದ್ದರೆ ಆ ಅಂಕಿ ಲೆಕ್ಕಕ್ಕೆ ಬಾರದು.

ಪತ್ರವನ್ನು ಮನೆಗೆ ತಂದು ಓದಿ, ಸಹಿಗೆ ಅವಸರಪಡಿಸಿದರೆ ಒಪ್ಪಬೇಡಿ. ಯಾವ ಪರೀಕ್ಷೆಯ ಖರ್ಚು ಪ್ರಾಯೋಜಕರದು, ಯಾವುದು ನಿಮ್ಮದು. ಔಷಧದಿಂದ ಹಾನಿಯಾದರೆ ಚಿಕಿತ್ಸೆ ಯಾರ ಹೊಣೆ. ಹೋಲಿಕೆಯ ಗುಂಪಿನಲ್ಲಿ ಕಾಯಿಲೆ ಏರಿದರೆ ಹೊಸ ಔಷಧಕ್ಕೆ ದಾಟಬಹುದೇ. ಟ್ರಯಲ್ ಮುಗಿದ ಮೇಲೂ ಔಷಧ ಸಿಗುತ್ತದೆಯೇ. ಆಸ್ಪತ್ರೆಯ ಹತ್ತಿರ ಎಷ್ಟು ವಾರ ಉಳಿಯಬೇಕು. ಇವಕ್ಕೆ ಉತ್ತರ ಬರಹದಲ್ಲಿ ಇರಬೇಕು. ಯಾವಾಗ ಬೇಕಾದರೂ ಹೊರಬರುವ ಹಕ್ಕಿದೆ, ಅದಕ್ಕೆ ಕಾರಣ ಹೇಳಬೇಕಾಗಿಲ್ಲ.

ಅಂಕಿಗಣ್ಣು:

ಒಂದು ಬಿಟ್ಟುಹೋಗಿತ್ತು. ಮಜ್ಜೆ ತೆಗೆಯುವಾಗ ಮೊದಲು ಎಳೆದ ಒಂದೆರಡು ಮಿ.ಲೀ.ಯನ್ನೇ ಎಂಆರ್‌ಡಿ (ಚಿಕಿತ್ಸೆಯ ನಂತರ ಅಳಿದುಳಿದ ಕಾಯಿಲೆಯ ಕೋಶ ಹುಡುಕುವ) ಪರೀಕ್ಷೆಗೆ ಕೊಡಬೇಕು. ಎರಡನೇ, ಮೂರನೇ ಸಲ ಎಳೆದದ್ದರಲ್ಲಿ ರಕ್ತ ಬೆರೆತು ಪ್ಲಾಸ್ಮಾ ಕೋಶ ತೆಳುವಾಗುತ್ತವೆ. 1 ಲಕ್ಷ ಕೋಶಗಳಲ್ಲಿ ಒಂದನ್ನು ಹುಡುಕುವ ಪರೀಕ್ಷೆಗೆ ಅಂಥ ಮಾದರಿ ಕೊಟ್ಟರೆ ಕಾಯಿಲೆ ಇದ್ದೂ ಇಲ್ಲವೆಂದು ಬರಬಹುದು. ಸೂಜಿ ಹಾಕುವ ಮೊದಲೇ ವೈದ್ಯರಿಗೆ ನೆನಪಿಸಿ.