ಎಂ20 ಕ್ಯೂಬ್ ಟೆಸ್ಟ್: ಮೂರರಲ್ಲಿ ಒಂದೇ ಕ್ಯೂಬ್ ಯಾಕೆ ಕಡಿಮೆ ಬಂತು?

ಬೆಣ್ಣೆನಗರಿ_ಸಿವಿಲ್:
ದಾವಣಗೆರೆಯಲ್ಲಿ ಡಿಪ್ಲೊಮಾ ಸಿವಿಲ್ ಓದ್ತಿದೀನಿ. ಕಾಂಕ್ರೀಟ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚ್ ಹಾಕಿದ ಎಂ20 (28 ದಿನಕ್ಕೆ ಚದರ ಮಿ.ಮೀ.ಗೆ 20 ನ್ಯೂಟನ್ ತಡೆಯಬೇಕಾದ ಕಾಂಕ್ರೀಟ್) ಕ್ಯೂಬ್‌ಗಳನ್ನ 28ನೇ ದಿನ ಮಷೀನಲ್ಲಿ ಒತ್ತಿ ಒಡೆದ್ವಿ. ಒಡೆದಾಗಿನ ಲೋಡು 610, 590, 432 ಕಿಲೋನ್ಯೂಟನ್ ಬಂತು. ಮಿಕ್ಸ್ ಒಂದೇ, ನೀರಿನ ತೊಟ್ಟಿ ಒಂದೇ, ಮಷೀನೂ ಒಂದೇ. ಸಿಮೆಂಟ್, ಮರಳು, ಜಲ್ಲಿ 1:1.5:3 ತೂಕದ ಲೆಕ್ಕ, ನೀರು-ಸಿಮೆಂಟ್ ಅನುಪಾತ 0.5. ಮೂರನೇದನ್ನ ಬಿಟ್ಟು ಎರಡರ ಸರಾಸರಿ ಬರಿ ಅಂತಿದಾರೆ ಗೆಳೆಯರು. ರೆಕಾರ್ಡ್‌ನಲ್ಲಿ ಹಾಗೆ ಬರೀಬಹುದಾ ಸರ್? ತಪ್ಪು ಎಲ್ಲಾಗಿರುತ್ತೆ?

ಕೋಟೆಕಲ್ಲು (ಚಿತ್ರದುರ್ಗ):
ಬರೀಬೇಡ ತಮ್ಮಾ. ಲೋಡನ್ನ ಕ್ಯೂಬಿನ ಮುಖದ ವಿಸ್ತೀರ್ಣ 22,500 ಚದರ ಮಿ.ಮೀ.ನಿಂದ (150 × 150) ಭಾಗಿಸು, ಚದರ ಮಿ.ಮೀ.ಗೆ ಎಷ್ಟು ನ್ಯೂಟನ್ ಅಂತ ಬಲ ಸಿಗುತ್ತೆ: 27.1, 26.2, 19.2. ಸರಾಸರಿ 24.2. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಯಾವ ಕ್ಯೂಬೂ ಸರಾಸರಿಗಿಂತ ಶೇ 15ಕ್ಕಿಂತ ಹೆಚ್ಚು ಆಚೀಚೆ ಹೋಗಬಾರದು. ಅಂದರೆ 20.6ರಿಂದ 27.8ರ ಒಳಗಿರಬೇಕು. ನಿನ್ನ ಮೂರನೇದು ಹೊರಗೆ ಬಿದ್ದಿದೆ, ಹಾಗಾಗಿ ಇಡೀ ಸ್ಯಾಂಪಲ್ಲೇ ಲೆಕ್ಕಕ್ಕಿಲ್ಲ. ಮೂರೂ ಅಂಕಿ ಇದ್ದಂಗೆ ಬರೆದು, ಕೆಳಗೆ ಕಾರಣ ಬರಿ. ಒಲ್ಲದ ಕ್ಯೂಬನ್ನ ಬಿಟ್ಟು ಲೆಕ್ಕ ಹಾಕೋ ರೂಢಿ ಲ್ಯಾಬ್‌ನಲ್ಲೇ ಬಿದ್ದುಬಿಟ್ಟರೆ ನಾಳೆ ಸೈಟ್‌ನಲ್ಲಿ ಕಳಪೆ ಕಾಂಕ್ರೀಟು ಪಿಲ್ಲರ್ ಒಳಗೇ ಉಳಿದುಹೋಗುತ್ತೆ.

ಕಾರಣ ಹುಡುಕೋಕೆ ಎರಡು ವಿಷಯ ಹೇಳು. ಒಡೆಯೋ ಮುಂಚೆ ತೂಕ ಎಷ್ಟಿತ್ತು? ಒಡೆದ ಮೇಲೆ ಆಕಾರ ಹೇಗಿತ್ತು? ಸರಿಯಾಗಿ ಒಡೆದ ಕ್ಯೂಬಿನ ನಾಲ್ಕೂ ಪಕ್ಕ ಹೆಚ್ಚುಕಡಿಮೆ ಸಮನಾಗಿ ಉದುರಿ, ನಡುವೆ ಡಮರುಗದಂಥ ತುಂಡು ಉಳಿಯುತ್ತೆ. ಒಂದೇ ಪಕ್ಕ ಸೀಳಿದ್ದರೆ ಕ್ಯೂಬ್ ನಡುವೆ ಕೂತಿರಲಿಲ್ಲ, ಇಲ್ಲವೇ ಪ್ಲೇಟ್ ಮೇಲೆ ಹಿಂದಿನ ಕ್ಯೂಬಿನ ಪುಡಿ ಇತ್ತು ಅಂತ ಅರ್ಥ. ಕರಣೆ ಆಡಿಸಿದ ಮೇಲ್ಮೈಯನ್ನ ಮೇಲಕ್ಕೋ ಕೆಳಕ್ಕೋ ಇಟ್ಟರೂ ಇದೇ ಗತಿ. ಆ ಮುಖ ಎಷ್ಟೇ ನುಣುಪು ಕಂಡರೂ ಸಮತಟ್ಟಿರಲ್ಲ, ಅದು ಯಾವಾಗಲೂ ಪಕ್ಕಕ್ಕೇ ಬರಬೇಕು.

ಬೆಣ್ಣೆನಗರಿ_ಸಿವಿಲ್:
ತೂಕ ಬರೆದಿಟ್ಟಿದೀನಿ ಸರ್: 8.15, 8.12, 7.74 ಕೆ.ಜಿ. ಮೂರನೇದರ ತಳದ ಮೂಲೆಯಲ್ಲಿ ಜಲ್ಲಿ ಎದ್ದು ಕಾಣ್ತಿತ್ತು, ಬೆರಳು ಹೋಗೋವಷ್ಟು ಸಂದಿ. ಒಡೆದಿದ್ದೂ ಅದೇ ಪಕ್ಕ. ಕೊನೆಗೆ ತುಂಬಿದ ಮೌಲ್ಡ್ (ಅಚ್ಚು) ಅದು.

ಕೋಟೆಕಲ್ಲು (ಚಿತ್ರದುರ್ಗ):
ಅಲ್ಲಿಗೆ ಕಳ್ಳ ಸಿಕ್ಕ. ಉಳಿದೆರಡಕ್ಕಿಂತ ತೂಕ ಹತ್ತಿರ ಹತ್ತಿರ ಶೇ 5 ಕಡಿಮೆ, ಅಂದರೆ ಒಳಗೆ ಅಷ್ಟು ಪೊಳ್ಳು. ಶೇ 1 ಪೊಳ್ಳು ಉಳಿದರೆ ಬಲ ಸುಮಾರು ಶೇ 5ರಿಂದ 6 ಇಳಿಯುತ್ತೆ. ನಿನ್ನ ಮೂರನೇ ಕ್ಯೂಬ್ ಉಳಿದೆರಡರ ಸರಾಸರಿಗಿಂತ ಶೇ 28 ಕೆಳಗಿದೆ, ಲೆಕ್ಕ ಕೂಡಿಬರುತ್ತೆ. ಸಿಮೆಂಟಿನ ತಪ್ಪಲ್ಲ, ಕುಟ್ಟಿದ್ದು ಸಾಲದು.

ವೇದಾವತಿ_ದಂಡೆ (ಹಿರಿಯೂರು):
ಮೇಲಿನವರು ಹೇಳಿದ್ದು ಸರಿ. ಒಂದು ಪದರಕ್ಕೆ 35 ಏಟು, ಕ್ಯೂಬಿಗೆ ಮೂರು ಪದರ, ಮೂರು ಕ್ಯೂಬಿಗೆ 315 ಏಟು. 16 ಮಿ.ಮೀ. ರಾಡ್ ಹಿಡಿದು ಒಬ್ಬನೇ ಕುಟ್ಟಿದರೆ ಕೊನೆಯ ಮೌಲ್ಡ್ ಹೊತ್ತಿಗೆ ಕೈ ಸೋಲುತ್ತೆ. ಅದಕ್ಕೇ ಒಂದು ಮೌಲ್ಡ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಮೂರಕ್ಕೂ ಮೊದಲ ಪದರ, ಆಮೇಲೆ ಮೂರಕ್ಕೂ ಎರಡನೇದು, ಹಾಗೆ ತುಂಬಿ. ಎರಡನೇ ಪದರದಿಂದ ರಾಡ್ ಕೆಳಗಿನ ಪದರದೊಳಕ್ಕೂ ಇಳಿಯಬೇಕು. ಮೂಲೆಗಳಿಗೆ ಬೇರೆಯಾಗಿ ಗಮನ ಕೊಡಿ. ಕುಟ್ಟಿದ ಮೇಲೆ ರಾಡಿನ ತೂತು ಮುಚ್ಚೋ ತನಕ ಮೌಲ್ಡಿನ ಪಕ್ಕಕ್ಕೆ ತಟ್ಟಿ. ಬಾಂಡ್ಲಿಯಿಂದ ತೆಗೆಯುವಾಗಲೂ ಪ್ರತಿ ಸಲ ಒಮ್ಮೆ ಮಗುಚಿ, ಇಲ್ಲದಿದ್ದರೆ ತಳದಲ್ಲಿ ಉಳಿದ ಬರೀ ಜಲ್ಲಿ ಕೊನೆಯ ಮೌಲ್ಡಿಗೇ ಬೀಳುತ್ತೆ.

ಮತ್ತೆ ಹಾಕೋದಾದರೆ ಮೂರು ಕ್ಯೂಬಿಗೆ ಸಿಮೆಂಟ್ 5, ಮರಳು 7.5, ಜಲ್ಲಿ 15 ಕೆ.ಜಿ., ನೀರು 2.5 ಲೀಟರ್ ಸಾಕು, ಸ್ವಲ್ಪ ಮಿಗುತ್ತೆ. ಮರಳಿನ ತೇವ ಮಾತ್ರ ನೋಡಿಕೊಳ್ಳಿ. ಅದರಲ್ಲಿ ಶೇ 5 ತೇವ ಇದ್ದರೆ 350 ಗ್ರಾಂಗೂ ಮೇಲ್ಪಟ್ಟು ನೀರು ಗೊತ್ತಿಲ್ಲದೇ ಸೇರಿಕೊಳ್ಳುತ್ತೆ, 0.5 ಅಂದುಕೊಂಡಿದ್ದು 0.57 ಆಗುತ್ತೆ. ಮರಳನ್ನ ಹಿಂದಿನ ದಿನವೇ ಹರಡಿ ಒಣಗಿಸಿ, ಇಲ್ಲ ತೇವ ಅಳೆದು ಅಷ್ಟು ನೀರು ಕಳೆಯಿರಿ, ಅಷ್ಟೇ ತೂಕ ಮರಳು ಜಾಸ್ತಿ ಹಾಕಿ.

ಒಡೆಯೋ ದಿನ ಕ್ಯೂಬನ್ನ ನೀರಿನಿಂದ ತೆಗೆದು, ಮೇಲಿನ ತೇವ ಒರೆಸಿ, ಒದ್ದೆ ಇರುವಾಗಲೇ ಮಷೀನಿಗಿಡಿ. ನಮ್ಮ ಕಡೆ ಬಿಸಿಲಿಗೆ ಬೆಳಗ್ಗೆ ತೆಗೆದಿಟ್ಟು ಮಧ್ಯಾಹ್ನ ಒಡೆದರೆ ಒಣಗಿ, ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಲೋಡು ನಿಮಿಷಕ್ಕೆ ಸುಮಾರು 315 ಕಿಲೋನ್ಯೂಟನ್ ಲೆಕ್ಕದಲ್ಲಿ ಏರಬೇಕು. 600ರ ಹತ್ತಿರ ಒಡೆಯೋ ಕ್ಯೂಬ್ ಸುಮಾರು ಎರಡು ನಿಮಿಷ ತಗೋಬೇಕು. ಅರ್ಧ ನಿಮಿಷಕ್ಕೇ ಒಡೆದರೆ ಆ ಅಂಕಿಯನ್ನೂ ನಂಬಬೇಡಿ.

ಬೆಣ್ಣೆನಗರಿ_ಸಿವಿಲ್:
ನಮ್ಮದು 40 ಸೆಕೆಂಡಿಗೇ ಮುಗಿದಿತ್ತು ಸರ್. ಹಂಗಾದ್ರೆ 610, 590 ಕೂಡ ಅನುಮಾನವೇ. ಈ ವಾರ ಮತ್ತೆ ಮೂರು ಹಾಕ್ತೀವಿ.