ಡಾಮಿನೋದಾಗ ಕೊರೆದ ಮಾರ್ಟಿಸ್ ಒಂದಕ್ಕೊಂದು ಕೂಡವಲ್ವು, ಎಲ್ಲಿ ನೋಡಬೇಕು?

ಹೊಸ_ಬಡಿಗ್ಯಾ, ಬೆಳಗಾವಿ

ಎಲ್ಲಾರಿಗೂ ನಮಸ್ಕಾರ್ರಿ. ಫೆಸ್ಟೂಲ್ ಡಾಮಿನೋ ಡಿಎಫ್ 500 (ಕೀಲು ಕೂಡೋ ಉದ್ದನ ತೂತು, ಅಂದ್ರ ಮಾರ್ಟಿಸ್, ಕೊರಿಯೋ ಮಶೀನ್) ಮ್ಯಾಲ ಕೈ ಕೂಡಿಸಾಕತ್ತೀನಿ. ಕೆಲಸ ಕಪಾಟಿನ ಬಾಗಿಲ ಫ್ರೇಮ್. ಕಟ್ಟಿಗಿ ಸಾಗವಾನಿ, ರಂಧಾ ಹೊಡೆದ ಮ್ಯಾಲ ದಪ್ಪ 19 ಮಿಮೀ, ಉದ್ದಪಟ್ಟಿ ಅಡ್ಡಪಟ್ಟಿ ಎರಡೂ 70 ಮಿಮೀ ಅಗಲ. ಕಟ್ಟರ್ 6 ಮಿಮೀ, ಕೀಲು 6×40 (ದಪ್ಪ 6, ಉದ್ದ 40), ತೂತಿನ ಆಳ 20ಕ್ಕ ಇಟ್ಟೀನಿ. ಫೆನ್ಸಿನ (ಪಟ್ಟಿಯ ಮುಖದ ಮ್ಯಾಲ ಕೂಡೋ ತಟ್ಟಿ) ದಪ್ಪದ ಮೆಟ್ಟಿಲು, ಅಂದ್ರ ಕಟ್ಟಿಗಿ ದಪ್ಪಕ್ಕ ತಕ್ಕಂಗ ಫೆನ್ಸಿನ ಎತ್ತರ ಇಡೋದು, 20ಕ್ಕ ಐತಿ. ಪ್ರತಿ ಮೂಲಿಗೆ ಎರಡು ಕೀಲು.

ಬರೋ ತೊಂದರಿ ಇವು. ಅಡ್ಡಪಟ್ಟಿಯ ಮುಖ ಉದ್ದಪಟ್ಟಿಗಿಂತ ಕೆಳಗ ಕೂಡತೈತಿ, ಕೆಲವು ಕಡೆ ಅರ್ಧ ಮಿಮೀ, ಕೆಲವು ಕಡೆ ಪೂರಾ 1 ಮಿಮೀ. ಪೆನ್ಸಿಲ್ ಗೆರಿ ಗೆರಿಗೆ ಹೊಂದಿದ್ರೂ ಪಟ್ಟಿ ಪಕ್ಕಕ್ಕ ಸುಮಾರು 1 ಮಿಮೀ ಸರದಿರ್ತೈತಿ, ಅದೂ ಯಾವಾಗಲೂ ಒಂದ ಕಡೆ. ಕೆಲವು ಮೂಲಿ ಕ್ಲಾಂಪ್ ಬಿಗಿದ್ರೂ 2 ಮಿಮೀ ಸಂದು ಬಿಡ್ತಾವು. ಕೆಲವು ತೂತಿನ್ಯಾಗ ಕೀಲು ಅಗಲಕ್ಕ ಅಲುಗ್ಯಾಡತೈತಿ.

ಉದ್ದಪಟ್ಟಿನ ಟೇಬಲ್ ಅಂಚಿನಿಂದ ಹೊರಗ ಬಿಟ್ಟು ಕ್ಲಾಂಪ್ ಹಾಕ್ತೀನಿ. ಅಡ್ಡಪಟ್ಟಿ ಗಿಡ್ಡ ಇರೋದ್ರಿಂದ ಟೇಬಲ್ ಮ್ಯಾಲ ಮಲಗಿಸಿ ಕೊರೀತೀನಿ. ಹೊಟ್ಟು ಎಳಿಯೋ ವ್ಯಾಕ್ಯೂಮ್ ಇಲ್ಲ. ಮಶೀನಿನ ಸೆಟ್ಟಿಂಗ್ ತಪ್ಪೈತೋ, ಹಿಡಿಯೋದು ತಪ್ಪೈತೋ ತಿಳೀವಲ್ದು. ಬಲ್ಲವರು ಹೇಳ್ರಿ.

ಗುಣ್ಯಾ_ತೊಂಬತ್ತು, ಜಮಖಂಡಿ

ಮೊದಲನೇ ತೊಂದರಿಗೆ ಉತ್ತರ ನೀವು ಬರೆದ ಅಂಕಿಯೊಳಗ ಐತ್ರಿ. ಪಟ್ಟಿ 19, ಮೆಟ್ಟಿಲು 20. ಇದಕ್ಕ ಇನ್ನೊಂದು ಅಂಕಿ ಕೂಡಿಸ್ರಿ: ಡಿಎಫ್ 500ರಾಗ ಕಟ್ಟರಿನ ನಡುವಿನಿಂದ ಮಶೀನಿನ ತಳಕ್ಕ 10 ಮಿಮೀ. ಮೆಟ್ಟಿಲು 20ಕ್ಕ ಇಟ್ಟಾಗ ಫೆನ್ಸಿನಿಂದ ಕಟ್ಟರ್ ನಡುವಿಗೆ 10, ಅಲ್ಲಿಂದ ತಳಕ್ಕ 10, ಒಟ್ಟು 20. ಮಲಗಿಸಿದ 19ರ ಪಟ್ಟಿಗೆ ಮಶೀನ್ ಹಚ್ಚಿದ್ರ ತಳ ಮೊದಲ ಟೇಬಲ್ಲಿಗೆ ತಾಗತೈತಿ, ಫೆನ್ಸ್ ಪಟ್ಟಿ ಬಿಟ್ಟು 1 ಮಿಮೀ ಮ್ಯಾಲೇ ನಿಂದರತೈತಿ. ಹಂಗಾಗಿ ಅಡ್ಡಪಟ್ಟಿಯ ತೂತು ಮುಖದಿಂದ 9 ಮಿಮೀಗೆ ಬೀಳತೈತಿ. ಹೊರಗ ಚಾಚಿದ ಉದ್ದಪಟ್ಟಿಗೆ ತಳಕ್ಕ ಅಡ್ಡಿಲ್ಲ, ಫೆನ್ಸ್ ಪೂರಾ ಕೂಡತೈತಿ, ತೂತು 10ಕ್ಕ ಬೀಳತೈತಿ. ಕೀಲು ಹಾಕಿ ಕೂಡಿಸಿದ್ರ ಅಡ್ಡಪಟ್ಟಿ 1 ಮಿಮೀ ಕೆಳಗ. ಕೆಲವು ಕಡೆ ಅರ್ಧ ಬಂದಿದ್ದು, ನೀವು ಫೆನ್ಸಿನ ಮೂತಿ ಒತ್ತಿದಾಗ ಮಶೀನ್ ಬಗ್ಗಿದ್ದಕ್ಕ.

ಮೆಟ್ಟಿಲು ಬದಲಿಸಿದ್ರ ಇದು ಹೋಗೂದಿಲ್ಲ. ಫೆನ್ಸಿನಿಂದ ಕಟ್ಟರ್ ನಡುವಿಗೆ 9.5 ಇಟ್ರೂ ತಳ ಪಟ್ಟಿಗಿಂತ ಅರ್ಧ ಮಿಮೀ ಕೆಳಗ ಇರ್ತೈತಿ. 20ಕ್ಕಿಂತ ತೆಳು ಇರೋ ಯಾವ ಕಟ್ಟಿಗಿನ ನಡುಮಧ್ಯ ಕೊರೀಬೇಕಂದ್ರೂ ಇದ ತಕರಾರು. ಪಟ್ಟಿ ಕೆಳಗ 12 ಮಿಮೀ ಪ್ಲೈ ತುಂಡು ಇಡ್ರಿ, ಪಟ್ಟಿಯ ತುದಿ ಪ್ಲೈ ಅಂಚಿಗಿಂತ ಒಂದಿಷ್ಟು ಮುಂದ ಬರಲಿ. ಮಶೀನಿನ ತಳ ಗಾಳ್ಯಾಗ ಇರಬೇಕು, ಫೆನ್ಸ್ ಒಂದ ಆಧಾರ ಆಗಬೇಕು. ಎರಡು ಕಡೆ ಆಧಾರ ಸಿಕ್ಕ ಮಶೀನ್ ಯಾವುದನ್ನ ನಂಬತೈತಿ ಅನ್ನೋದು ಪ್ರತಿ ತೂತಿಗೂ ಬ್ಯಾರೆ ಆಗತೈತಿ.

ಎಲ್ಲಾ ಪಟ್ಟಿಯ ಮುಖದ ಮ್ಯಾಲ ಪೆನ್ಸಿಲಿನಿಂದ ತ್ರಿಕೋನ ಗುರುತು ಹಾಕ್ರಿ. ಫೆನ್ಸ್ ಯಾವಾಗಲೂ ಆ ಮುಖದ ಮ್ಯಾಲ. ಹಿಂಗ ಮಾಡಿದ್ರ ತೂತು ನಡುವಿನಿಂದ 0.5 ಸರದಿದ್ರೂ ಎರಡೂ ಪಟ್ಟಿಯೊಳಗ ಒಂದ ಕಡೆ ಸರದಿರ್ತೈತಿ, ಮುಖ ಸಮ ಕೂಡತೈತಿ. ಒಂದಕ್ಕ ಮುಖ, ಇನ್ನೊಂದಕ್ಕ ಬೆನ್ನು ಹಿಡಿದ್ರ ಅದ 0.5 ಹೋಗಿ 1 ಆಗತೈತಿ.

ಇನ್ನೊಂದು ನೋಡ್ರಿ. ಕೂಡಿಸಿದ ಮ್ಯಾಲ ಸಂದು ಮುಖದ ಕಡೆ ಮಾತ್ರ ಬಾಯಿ ಬಿಟ್ಟಿದ್ರ ಕೊರಿಯೂವಾಗ ಮೋಟರಿನ ಹಿಂಭಾಗ ಕೆಳಗ ಜಗ್ಗೇತಿ, ಕಟ್ಟರಿನ ತುದಿ ಮುಖದ ಕಡೆ ಏರೇತಿ ಅಂತ ಲೆಕ್ಕ. ಬೆನ್ನಿನ ಕಡೆ ಬಾಯಿ ಬಿಟ್ಟಿದ್ರ ಉಲ್ಟಾ. ಎಡಗೈ ಫೆನ್ಸಿನ ಹಿಡಿಕಿ ಮ್ಯಾಲ, ಒತ್ತೂದೆಲ್ಲಾ ಅಲ್ಲಿ, ನೇರ ಕೆಳಗ. ಬಲಗೈ ಮೋಟರಿನ ಹಿಂದಿನ ಭಾರ ಹೊರಬೇಕು ಮತ್ತ ಸೀದಾ ಮುಂದಕ್ಕ ನೂಕಬೇಕು, ಅಷ್ಟ. ಕೆಲಸ ಶುರು ಮಾಡೂ ಮೊದಲ ಫೆನ್ಸ್ 90ಕ್ಕ ಬಿಗಿದು ಫೆನ್ಸಿಗೂ ಮುಂದಿನ ಪ್ಲೇಟಿಗೂ ನಡುವ ಗುಣ್ಯಾ (90ರ ಮೂಲಿ ನೋಡೋ ಮಟ್ಟ) ಇಟ್ಟು ಬೆಳಕಿಗೆ ಹಿಡೀರಿ. ಸಂದಿಯೊಳಗ ಬೆಳಕು ಕಂಡ್ರ ಕೋನದ ಹಿಡಿಕಿ ಸಡ್ಲ ಮಾಡಿ ಮತ್ತೊಮ್ಮೆ ಬಿಗೀರಿ. ಮೆಟ್ಟಿಲಿನ ಸಂದ್ಯಾಗ ಹೊಟ್ಟು ಸಿಕ್ಕಿದ್ರೂ ಎತ್ತರ ತಪ್ಪತೈತಿ, ಬ್ರಶ್ ಹೊಡೀರಿ.

ಚಿತ್ತಾರ_ಬಾಗಿಲು, ವಿಜಯಪುರ

ಮೇಲಿನವರು ಎತ್ತರದ ವಿಷಯ ಸರಿಯಾಗಿ ಬಿಡಿಸಿದ್ದಾರೆ. ಪಕ್ಕಕ್ಕೆ ಸರಿಯುವುದರ ಲೆಕ್ಕ ಮಾತ್ರ ಬೇರೆ. ಎತ್ತರದ ತಪ್ಪು ಎರಡೂ ಪಟ್ಟಿಗಳಲ್ಲಿ ಒಂದೇ ಕಡೆ ಬಿದ್ದು ಕಳೆದುಹೋಗುತ್ತದೆ, ಪಕ್ಕದ ತಪ್ಪು ಕೂಡಿಕೊಳ್ಳುತ್ತದೆ. ಎರಡು ಪಟ್ಟಿಗಳು ಎದುರುಬದುರು ಕೂಡುವುದರಿಂದ ಮಷೀನ್ ಎರಡು ಸಲವೂ ನಿಮ್ಮ ಬಲಕ್ಕೆ ಅರ್ಧ ಮಿಮೀ ಸರಿದರೆ ಒಂದು ತೂತು ಆ ಕಡೆ ಅರ್ಧ, ಇನ್ನೊಂದು ಈ ಕಡೆ ಅರ್ಧ ಹೋಗುತ್ತದೆ. ನಿಮ್ಮ 1 ಮಿಮೀ ನಿಜಕ್ಕೂ ಅರ್ಧ ಮಿಮೀ ತಪ್ಪು. ಯಾವಾಗಲೂ ಒಂದೇ ಕಡೆ ಬರುತ್ತಿರುವುದೂ ಅದಕ್ಕೇ.

ಅಳೆಯುವ ಬಗೆ ಹೀಗೆ. ಒಂದು ಬೇಡದ ತುಂಡಿನ ತುದಿಯಲ್ಲಿ ಗೆರೆ ಎಳೆದು, ಗುಣ್ಯಾದಿಂದ ಅದನ್ನು ಎರಡೂ ಮುಖಕ್ಕೆ ಸುತ್ತಿಸಿ. ತೂತಿನ ಅಗಲ ಬದಲಿಸುವ ಗುಬ್ಬಿ ಅತಿ ಕಿರಿದಾದ ಗುರುತಿಗಿರಲಿ. ಒಂದು ಮುಖದ ಮೇಲೆ ಫೆನ್ಸ್ ಇಟ್ಟು ಕೊರೆಯಿರಿ. ತುಂಡನ್ನು ಮಗುಚಿ ಅದೇ ಗೆರೆಗೆ ಇನ್ನೊಂದು ಮುಖದಿಂದ ಕೊರೆಯಿರಿ. ತೂತಿನ ಅಗಲ ಒಂದೇ ಸಲ ಕೊರೆದ ತೂತಿಗಿಂತ ಎಷ್ಟು ಹೆಚ್ಚಿದೆಯೋ ಅದರ ಅರ್ಧ ನಿಮ್ಮ ಪಕ್ಕದ ತಪ್ಪು. ಅದೇ ತೂತಿನ ಎತ್ತರ 6ಕ್ಕಿಂತ ಎಷ್ಟು ಹೆಚ್ಚಿದೆಯೋ ಅದರ ಅರ್ಧ, ನೀವು ದಪ್ಪದ ನಡುವಿನಿಂದ ಸರಿದಿರುವ ದೂರ. ಒಂದೇ ತುಂಡಿನಲ್ಲಿ ಎರಡೂ ಉತ್ತರ ಸಿಗುತ್ತವೆ. ವರ್ನಿಯರ್ ಕ್ಯಾಲಿಪರಿನ ಒಳದವಡೆಯಿಂದ ಅಳೆಯಿರಿ, ಸ್ಕೇಲಿಗೆ ಇದು ಸಿಗುವುದಿಲ್ಲ.

ತಪ್ಪು ಕಣ್ಣಿನದೋ ಕೈಯದೋ ಎಂದು ತಿಳಿಯಬೇಕಾದರೆ ಫೆನ್ಸನ್ನೇ ತುಂಡಿಗೆ ಕ್ಲಾಂಪ್ ಮಾಡಿ ಇದೇ ಪರೀಕ್ಷೆ ಮಾಡಿ. ಕ್ಲಾಂಪ್ ಹಾಕಿದಾಗ ತಪ್ಪು ಹೋದರೆ, ಕಟ್ಟರ್ ಮರ ಮುಟ್ಟುವ ಗಳಿಗೆಯಲ್ಲಿ ಮಷೀನ್ ಕೈಯಲ್ಲಿ ಜರುಗುತ್ತಿದೆ ಎಂದರ್ಥ. ಈ ಕಟ್ಟರ್ ತಿರುಗುತ್ತಲೇ ಅಕ್ಕಪಕ್ಕ ತೂಗಾಡುತ್ತದೆ. ಮೊದಲ 2–3 ಮಿಮೀಯಲ್ಲಿ ರಭಸವಾಗಿ ನೂಕಿದರೆ ಮಷೀನನ್ನೇ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಮೋಟರ್ ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನ ಒಳಗೆ ಬಿಡಿ, ಸಾಗವಾನಿಗೆ 20 ಮಿಮೀ ಆಳಕ್ಕೆ ಮೂರು ಎಣಿಸುವಷ್ಟು ಹೊತ್ತು ಹಿಡಿಯಲಿ.

ಕ್ಲಾಂಪ್ ಹಾಕಿಯೂ ತಪ್ಪು ಉಳಿದರೆ ನೋಡುವ ರೀತಿ ಸರಿಪಡಿಸಿಕೊಳ್ಳಿ. ಫೆನ್ಸಿನ ಕಿಂಡಿಯನ್ನು ಓರೆಯಿಂದ ನೋಡಿದರೆ ಗೆರೆ ಸರಿದು ಕಾಣುತ್ತದೆ. ತಲೆ ನೇರ ಮೇಲಿರಬೇಕು, ಗೆರೆ 0.5 ಲೆಡ್‌ನದಿರಬೇಕು. ಬಡಗಿ ಪೆನ್ಸಿಲಿನ ಗೆರೆಯೇ ಒಂದು ಮಿಮೀ ದಪ್ಪ, ಅದರ ಯಾವ ಅಂಚಿಗೆ ಹಿಡಿದಿರಿ ಎಂಬುದರಲ್ಲೇ ನಿಮ್ಮ ಅರ್ಧ ಮಿಮೀ ಹೋಗಿರಬಹುದು.

ನನ್ನ ಸಲಹೆ ಕೇಳಿದರೆ ಮೂಲೆಯ ಮೊದಲ ಕೀಲಿಗೆ ಗೆರೆಯೇ ಬೇಡ. ಮಷೀನಿನ ಮುಂದೆ, ಪಟ್ಟಿಯ ಅಂಚಿಗೆ ತಾಗಿಸುವ ಎರಡು ಸ್ಟಾಪ್‌ಗಳಿವೆ; ಪ್ರತಿಯೊಂದರಿಂದ ಕಟ್ಟರ್ ನಡುವಿಗೆ 37 ಮಿಮೀ. ನಿಮ್ಮ ಪಟ್ಟಿಗೆ ಅದು ಹೆಚ್ಚಾಯಿತು, ಎರಡು ಕೀಲು ಹಿಡಿಸುವುದಿಲ್ಲ. ಸ್ಟಾಪ್ ಮತ್ತು ಪಟ್ಟಿಯ ಹೊರ ಅಂಚಿನ ನಡುವೆ 18 ಮಿಮೀ ಪ್ಲೈ ತುಂಡು ಕೊಟ್ಟರೆ ತೂತಿನ ನಡು ಅಂಚಿನಿಂದ 19ಕ್ಕೆ ಬರುತ್ತದೆ. ಅಡ್ಡಪಟ್ಟಿಗೆ ಒಂದು ಕಡೆಯ ಸ್ಟಾಪ್, ಉದ್ದಪಟ್ಟಿಗೆ ಇನ್ನೊಂದು ಕಡೆಯದು, ತುಂಡು ಮಾತ್ರ ಅದೇ. ಪ್ಲೈ 17.6 ಇದ್ದರೂ ಎರಡಕ್ಕೂ 17.6 ಆಗಿರುವುದರಿಂದ ಹೊರ ಅಂಚು ಸಮ ಕೂಡುತ್ತದೆ. ಎರಡನೆಯ ಕೀಲನ್ನು ಗೆರೆಗೆ ಕೊರೆಯಿರಿ, ಅಡ್ಡಪಟ್ಟಿಯಲ್ಲಿ ಕಿರಿದು, ಉದ್ದಪಟ್ಟಿಯಲ್ಲಿ ನಡುವಿನ ಅಗಲ. ಮೊದಲ ಕೀಲು ಜಾಗ ಹಿಡಿಯುತ್ತದೆ, ಎರಡನೆಯದು ಬಲ ಕೊಡುತ್ತದೆ.

ಉದ್ಯಮಬಾಗ್_ಫಿಟ್ಟರ್, ಬೆಳಗಾವಿ

ಉಳಿದ ಎರಡು ತೊಂದರಿ ಸಣ್ಣವು.

ಅಗಲಕ್ಕ ಸಡ್ಲ ಆಗೂದು ಗುಬ್ಬಿಯಿಂದ. ಅಗಲ ಬದಲಿಸೋ ಗುಬ್ಬಿನ ಮೋಟರ್ ಓಡೂವಾಗ ಮಾತ್ರ ತಿರುಗಿಸಬೇಕು. ನಿಂತಾಗ ತಿರುಗಿಸಿದ್ರ ಅದು ತನ್ನ ಜಾಗಕ್ಕ ಕೂಡಂಗಿಲ್ಲ, ತೂತಿನ ಅಗಲ ನಂಬಾಕ ಆಗೂದಿಲ್ಲ. ಒಂದ ತೂತಿಗೆ ಎರಡು ಸಲ ನುಗ್ಗಿಸಿದ್ರೂ ಬಾಯಿ ದೊಡ್ಡದಾಗತೈತಿ.

2 ಮಿಮೀ ಸಂದು ವ್ಯಾಕ್ಯೂಮ್ ಇಲ್ಲದ್ದಕ್ಕ. 20 ಮತ್ತ 20 ಸೇರಿ 40, ಕೀಲೂ 40. ತಳದಾಗ ಹೊಟ್ಟು ಒತ್ತಿ ಕೂತ್ರ ಕೀಲಿಗೆ ಜಾಗ ಎಲ್ಲೈತಿ? ಕ್ಲಾಂಪ್ ಎಷ್ಟು ಬಿಗಿದ್ರೂ ಕೂಡಂಗಿಲ್ಲ. ಅದ ಹೊಟ್ಟು ಕಟ್ಟರ್ ಸುತ್ತ ಸುತಗೊಂಡು ತೂತು ಸುಡತೈತಿ, ಮುಂದಿನ ಪ್ಲೇಟ್ ಪಟ್ಟಿಗೆ ಅಂಟದಂಗ ಮಾಡತೈತಿ. ಮಶೀನಿಗೆ 27 ಮಿಮೀ ಪೈಪ್ ಹೊಂದತೈತಿ, ಮನಿ ವ್ಯಾಕ್ಯೂಮಿಗೆ ರಬ್ಬರ್ ಅಡಾಪ್ಟರ್ ಹಾಕಿದ್ರೂ ನಡೀತೈತಿ. ಆಳದ ಕೊಂಡಿ 20ರ ಕಚ್ಚಿನ್ಯಾಗ ಪೂರಾ ಕೂತದೋ ಇಲ್ಲೋ ಅದನ್ನೂ ನೋಡ್ರಿ, ವರ್ನಿಯರಿನ ಬಾಲ ಇಳಿಬಿಟ್ಟು ಪ್ರತಿ ತೂತಿನ ಆಳ ಅಳೀರಿ. ಕಟ್ಟರ್ ಬದಲಿಸಿದ್ರ (ಪ್ಲಗ್ ತೆಗೆದು, 8ರ ಪಾನಾದಿಂದ) ಮುಂದಿನ ಭಾಗ ವಾಪಸ್ ಹಾಕೂವಾಗ ಅದು ಕಟ್ ಅಂತ ಕಚ್ಚಗೊಳ್ಳಬೇಕು.

ಬೆಳಗಾವಿಯವ್ರು ಅಂದ್ರಿ ಅಂತ ಇನ್ನೊಂದು ಮಾತು. ಕೀಲು ಬೀಚ್ ಕಟ್ಟಿಗಿದು, ನಮ್ಮ ಮಳಿಗಾಲದ ತ್ಯಾವಕ್ಕ ಉಬ್ಬತೈತಿ. ಬ್ಯಾಸಿಗ್ಯಾಗ ಕೈಲೆ ಹೋಗೋ ಕೀಲಿಗೆ ಜುಲೈದಾಗ ಕೊಡತಿ ಬೇಕಾಗತೈತಿ. ಆವಾಗ ತೂತು ತಪ್ಪೈತಿ ಅಂತ ತಿಳಕೊಂಡು ಸೆಟ್ಟಿಂಗ್ ಮುಟ್ಟಬ್ಯಾಡ್ರಿ. ಗಾಳಿ ಹೋಗದ ಡಬ್ಬ್ಯಾಗ ಸಿಲಿಕಾ ಜೆಲ್ ಹಾಕಿ ಇಡ್ರಿ. ಒಣಗೂಡಿಸಿ ನೋಡಾಕಂತ ಒಂದೆರಡು ಕೀಲಿನ ಮೈ ಪಾಲಿಶ್ ಪೇಪರಿನಿಂದ ತುಸು ತಿಕ್ಕಿ ಬ್ಯಾರೆ ಇಟ್ಕೊಳ್ರಿ, ಎಳೆದು ತೆಗಿಯಾಕ ಸಲೀಸು.

ಹೊಸ_ಬಡಿಗ್ಯಾ, ಬೆಳಗಾವಿ

ಎಲ್ಲಾರದೂ ಓದಿ ಪ್ಲೈ ಮ್ಯಾಲ ಎತ್ತಿ ಮಗುಚೋ ಪರೀಕ್ಷಾ ಮಾಡಿದ್ನಿರಿ. ತೂತಿನ ಎತ್ತರ 7.0 ಬಂತು. ಅಗಲ 1 ಮಿಮೀ ಹೆಚ್ಚು ಬರತೈತಿ, ಫೆನ್ಸ್ ಕ್ಲಾಂಪ್ ಮಾಡಿದ್ರ ಆ ಹೆಚ್ಚಿಗಿ ಇರಂಗಿಲ್ಲ. ಎತ್ತರ ಸರಿ ಮಾಡಬೇಕೇನ್ರಿ? ಮತ್ತ ಈಗಾಗಲೇ ತಪ್ಪು ಕೊರೆದ ಪಟ್ಟಿ ಒಗಿಯೂದ ಅಥವಾ ಉಳಿಸಿಕೊಳ್ಳಾಕ ಬರ್ತೈತಾ?

ಗುಣ್ಯಾ_ತೊಂಬತ್ತು, ಜಮಖಂಡಿ

7.0 ಬರಲೇಬೇಕ್ರಿ. 19ರ ಪಟ್ಟಿಗೆ 20ರ ಮೆಟ್ಟಿಲು ಅಂದ್ರ ನಡುವಿನಿಂದ ಅರ್ಧ ಮಿಮೀ ದೂರ, ಮಗುಚಿದಾಗ ಅದು ಎರಡು ಪಟ್ಟು ಕಾಣತೈತಿ. ಫೆನ್ಸ್ ಒಂದ ಮುಖದ ಮ್ಯಾಲ ಇದ್ರ ಅದನ್ನ ಮುಟ್ಟೂ ಕೆಲಸ ಇಲ್ಲ. ಅಗಲದ್ದು ಕೈಯಿಂದ ಬರಾಕತ್ತೈತಿ. ವಿಜಯಪುರದವರು ಹೇಳಿದಂಗ ಮೊದಲ 2–3 ಮಿಮೀ ನಿಧಾನ ಮಾಡ್ರಿ. ಪಟ್ಟಿಯ 70 ಮಿಮೀ ತುದಿಗೆ ಹಚ್ಚಿದಾಗ ಮುಂದಿನ ಪ್ಲೇಟಿಗೆ ಆಧಾರ ಕಡಿಮಿ, ಅದಕ್ಕ ಪಟ್ಟಿಯ ಎರಡೂ ಬದಿ ಅದ ದಪ್ಪದ ಬ್ಯಾಡಾದ ತುಂಡು ಸಮಾ ಕೂಡಿಸಿ ಒಟ್ಟಿಗೆ ಕ್ಲಾಂಪ್ ಹಾಕ್ರಿ, ಮಶೀನ್ ಹೊರಳಾಡೂದು ನಿಂದರತೈತಿ.

ಪಟ್ಟಿ ಒಗೀಬ್ಯಾಡ್ರಿ, ಸಾಗವಾನಿ ರೇಟ್ ಎಲ್ಲಾರಿಗೂ ಗೊತ್ತೈತಿ. ತಪ್ಪು ತೂತಿನ್ಯಾಗ ಫೆವಿಕಾಲ್ ಹಚ್ಚಿ ಅದ ಅಳತಿ ಕೀಲು ಪೂರಾ ಬಡೀರಿ. ತೂತು ಅಗಲ ಆಗಿದ್ರ ಪಕ್ಕದ ಸಂದಿಗೆ ಸಾಗವಾನಿ ಚಕ್ಕಿ ಸೇರಸ್ರಿ. 24 ತಾಸು ಬಿಟ್ಟು ಹೊರಗಿನ ಭಾಗ ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಚೂಪು ಉಳಿಯಿಂದ ಅಂಚಿಗೆ ಸಮ ಮಾಡ್ರಿ. ತುಸು ಉಬ್ಬು ಉಳಿದ್ರೂ ಮುಂದಿನ ಪ್ಲೇಟ್ ಅದರ ಮ್ಯಾಲ ಕೂತು ಮಶೀನ್ ಓರೆ ಆಗತೈತಿ, ಗುಣ್ಯಾದ ಅಂಚು ಅಡ್ಡ ಹಿಡಿದು ನೋಡ್ರಿ. ಆಮ್ಯಾಗ ಹೊಸ ತೂತು ಕೊರೀರಿ. ಹಳೇ ತೂತಿನ ಮ್ಯಾಲ ಅರ್ಧಂಬರ್ಧ ಬಿದ್ರ ಬೀಚ್ ಒಂದು ಕಡೆ, ಸಾಗವಾನಿ ಒಂದು ಕಡೆ, ಕಟ್ಟರ್ ಮೆತ್ತಗಿದ್ದ ಕಡೆ ಸರೀತೈತಿ. ಅಲ್ಲಿ ಫೆನ್ಸ್ ಕ್ಲಾಂಪ್ ಮಾಡಿಯೇ ಕೊರೀರಿ.

ಚಿತ್ತಾರ_ಬಾಗಿಲು, ವಿಜಯಪುರ

ತುಂಬಿದ ತೂತಿಗೆ ಮರೈನ್ ಗ್ರೇಡ್ ಅಂಟು ಆದರೆ ಒಳ್ಳೆಯದು, ಎರಡನೇ ಸಲ ಹಚ್ಚುವ ಅಂಟಿನ ನೀರಿಗೆ ಮೊದಲನೆಯದು ಮೆತ್ತಗಾಗುವುದಿಲ್ಲ. ಕೊನೆಯ ಜೋಡಣೆಯಲ್ಲಿ ಫ್ಯಾನ್ ಆಫ್ ಮಾಡಿ, ಅಂಟನ್ನು ತೂತಿನ ಗೋಡೆಗೆ ಸಣ್ಣ ಬ್ರಶ್‌ನಿಂದ ಹಚ್ಚಿ, ತಳದಲ್ಲಿ ನಿಲ್ಲುವಷ್ಟು ಸುರಿಯಬೇಡಿ. ಕೀಲು ಅಂಟಿನ ನೀರು ಕುಡಿದ ಕೂಡಲೇ ಉಬ್ಬಲು ಶುರು ಮಾಡುತ್ತದೆ, ಅದಕ್ಕೆ ಎಲ್ಲ ಕ್ಲಾಂಪ್ ಬಾಯಿ ತೆರೆದು ಪಕ್ಕದಲ್ಲಿ ಜೋಡಿಸಿಟ್ಟ ಮೇಲೆಯೇ ಡಬ್ಬಿ ತೆರೆಯಿರಿ. ಬಿಗಿದಾದ ಮೇಲೆ ಎರಡು ಕರ್ಣ ಅಳೆಯಿರಿ. ಹೆಚ್ಚು ಕಡಿಮೆ ಇದ್ದರೆ ಉದ್ದ ಇರುವ ಕರ್ಣದ ಕಡೆ ಕ್ಲಾಂಪನ್ನು ತುಸು ಓರೆ ಮಾಡಿ ಬಿಗಿದರೆ ಫ್ರೇಮ್ ಚೌಕಕ್ಕೆ ಬರುತ್ತದೆ.